ಹೊಳೆಯಾಚೆಯ ಕಪ್ಪು ಚೌಕ

ನವೆಂಬರ್ 4

ಹುಳಿಕೋಸಿನ ಯೋಟ ಸಾರು ಮತ್ತೆ ತಳ ಹತ್ತಿತು. ಉಪ್ಪು ಎರಡು ಸಲ ಹಾಕಿದೆನೋ ಏನೋ. ಚೆರ್ರಿ ಸಸಿಯ ಬೇರಿಗೆ ಸುತ್ತಿದ ಗೋಣಿ ನೆನೆಸಿದೆ. "ನಾನು ಹುಟ್ಟಿದ ಮನೆ ಅಂಗಳದಲ್ಲಿ ಒಂದು ಚೆರ್ರಿ ನೆಟ್ಟುಬಿಡು" — ಸಾಯುವ ಮುನ್ನ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಸ್ಲಾವಾ ಕೇಳಿದ್ದು ಇಷ್ಟೇ. ಎಲ್ಲಿದೆ ಆ ಮನೆ? ನಾನು ಮನೆಅಳಿಯನಾಗಿ ಈ ಕಣಿವೆಗೆ ಬರುವ ಮೊದಲೇ ಅದನ್ನು ಕೆಡವಿ, ಹೊಲಗಳನ್ನೆಲ್ಲ ಒಂದುಗೂಡಿಸಿ ಹೊಸದಾಗಿ ಹಂಚಿದ್ದರು. ನಾಳೆ ಅವಳನ್ನೇ ಕೇಳೋಣ ಅಂದುಕೊಂಡೆ, ಅವಳಿಗೆ ಆ ನಾಳೆ ಬರಲಿಲ್ಲ...

ಲೈಬ್ರರಿಯಾಕೆ ಹಳೆಯ ಮ್ಯಾಪಿನ ಪ್ರಿಂಟ್ ಕೊಟ್ಟಳು. ಆಸ್ಟ್ರಿಯಾ ಚಕ್ರವರ್ತಿಯ ಸೈನ್ಯ ಬರೆಸಿದ್ದು. ಹೊಳೆಯಾಚೆ ಒಂಟಿ ಕಪ್ಪು ಚೌಕ, ಪಕ್ಕದಲ್ಲಿ ಸ್ಲಾವಾಳ ತವರುಮನೆಯ ಹೆಸರು. 'ಎ ಮ್ಯಾಪ್ ಈಸ್ ಎ ಪಿಕ್ಚರ್ ಆಫ್...' ಕಾಲೇಜಿನ ಇಂಗ್ಲಿಷ್, ಅರ್ಧ ಮರೆತಿದೆ. ಪಿಕ್ಚರೋ ಪೋರ್ಟ್ರೇಟೋ?

ನವೆಂಬರ್ 5

ಸೇತುವೆ ದಾಟಿ, ಹೊಳೆಯ ದಡದಿಂದ ಅಳೆದೆ. ಸಿಕ್ಕಿದ್ದು ಯಾರದ್ದೋ ಜೋಳದ ಕೂಳೆ. ಸ್ಲಾವಾಳ ಚಿಕ್ಕಪ್ಪನ ಮಗ ಬೊಗೊಮಿರ್ ಟ್ರ್ಯಾಕ್ಟರ್ ನಿಲ್ಲಿಸಿ ಮ್ಯಾಪ್ ಇಣುಕಿದ.

"ಏನ್ ಭಾವ, ಚಕ್ರವರ್ತಿ ಕಂದಾಯ ಕೇಳಿದ್ನಾ?"

ಮನೆ ಎಲ್ಲಿತ್ತು ಅಂದೆ.

"ಊರಿಂದ ಹೊಳೆ ದಾಟಿದ್ರೆ ಮನೆ. ಕೆಡವಿದಾಗ ನಾನು ಮಿಲಿಟರೀಲಿದ್ದೆ. ಬಂದು ನೋಡಿದ್ರೆ ಎಲ್ಲ ಚಪ್ಪಟೆ."

ಸರಿ. ಆದರೆ ಸಂತ ರೋಕನ ಗುಡಿ? ಮ್ಯಾಪಿನಲ್ಲಿ ಹೊಳೆಯಾಚೆ. ಕಣ್ಣೆದುರು ಹೊಳೆಯೀಚೆ, ಊರ ಕಡೆ. ಮ್ಯಾಪ್ ತಲೆಕೆಳಗು ಮಾಡಿದೆ. ಆಗಲೂ ಆಚೆಯೇ. ವೆರಿ ಸ್ಟ್ರೇಂಜ್.

ನವೆಂಬರ್ 9

ಬೂರ್ಯಾ ಗಾಳಿ. ಬಾಗಿಲು ತೆರೆಯಲೂ ಬಿಡಲಿಲ್ಲ, ಇಷ್ಟು ದಿನ. ಸಸಿಯ ಒಂದು ಬೇರು ಒಣಗಿದೆ. ಇನ್ನು ಕಾಯುವಂತಿಲ್ಲ.

ಬೊಗೊಮಿರ್ ವೈನ್ ತಂದ. ಗುಡಿಯ ವಿಷಯ ಹೇಳಿದೆ. ಲೋಟ ಕೆಳಗಿಟ್ಟ. ಆಮೇಲೆ ಹಣೆ ಚಚ್ಚಿಕೊಂಡ.

"ಗುಡಿ ಏನ್ ಈಜ್ಕೊಂಡು ಬಂತಾ ಭಾವ? ಹೊಳೆ ಅಲ್ವಾ ಹೋಗಿದ್ದು! ಹೊಲ ಹಂಚೋವಾಗ ಮಷೀನ್ ತಂದು ಅದನ್ನ ಗುಡಿಯಿಂದ ಆ ಕಡೆಗೆ ನೇರ ತೋಡಿದ್ರು. ನಂಗೂ ಮರ್ತೇ ಹೋಗಿತ್ತು ನೋಡಿ."

"ಹಾಗಾದ್ರೆ ಮನೆ ಈ ಕಡೇನಾ?"

"ಗುಡಿಯಿಂದ ಅಳೆಯೋಣ. ಅದಕ್ಕಂತೂ ಕಾಲಿಲ್ಲ."

ನವೆಂಬರ್ 10, ಮಧ್ಯಾಹ್ನ

ಅಳೆದೆವು. ಬಂದು ನಿಂತದ್ದು ನಮ್ಮದೇ ಹೊಲದ ನಡುವೆ. ತಪ್ಪು ಅಂದೆ. ಮತ್ತೆ ಅಳೆದೆವು. ಅಲ್ಲೇ.

ಉಳುವಾಗೆಲ್ಲ ಹೆಂಚಿನ ಚೂರು ಏಳುವ ಜಾಗ. ಯಾವ ಕತ್ತೆ ಇಲ್ಲಿ ಏನು ಕಟ್ಟಿತ್ತೋ ಎಂದು ಬೈಯುತ್ತಿದ್ದೆ, ಸ್ಲಾವಾ ನಗುತ್ತಿದ್ದಳು. ಊಟ ತಂದರೆ ಇಲ್ಲೇ, ಸುಡುಬಿಸಿಲಲ್ಲಿ ಕೂರುವಳು. "ಮರದ ನೆರಳಿಗೆ ಬಾರೇ" ಅಂದರೆ "ನಂಗೆ ಇಲ್ಲೇ ತಂಪು" ಅನ್ನುವಳು. ಜೋಕ್ ಅಂದುಕೊಂಡಿದ್ದೆ. ಯಾಕೆ ಹೇಳಲಿಲ್ಲ? ಅಥವಾ... ಅದೇ ಹೇಳಿದ್ದೋ?

ಬೊಗೊಮಿರ್ ಗುದ್ದಲಿ ಹಿಡಿದು ಕಾಯುತ್ತಿದ್ದಾನೆ. ನಿಂತಲ್ಲೇ ಬರೆಯುತ್ತಿದ್ದೇನೆ. ಅವಳು ಕೇಳಿದ್ದು ಅಂಗಳದಲ್ಲಿ. ಅಡುಗೆಮನೆಯಲ್ಲಿ ನೆಟ್ಟುಬಿಟ್ಟರೆ? ಬಾಗಿಲು ಯಾವ ಕಡೆಗಿತ್ತೆಂದು ಮ್ಯಾಪಿನಲ್ಲಿ ಇಲ್ಲ. ಬರೀ ಕಪ್ಪು ಚೌಕ. ಅವಳು ಕೂರುತ್ತಿದ್ದುದು ಯಾವಾಗಲೂ ಗುಡಿಯ ಕಡೆ ಮುಖ ಮಾಡಿ, ಕಾಲು ಮುಂದೆ ಚಾಚಿ, ಹೊಸ್ತಿಲ ಮೇಲೆ ಕೂತವರ ಹಾಗೆ. ಹಾಗಾದರೆ ಅಂಗಳ ಗುಡಿಯ ಕಡೆಗೆ, ಅವಳ ಪಾದದ ಮುಂದೆ —