ಮಸ್ಕತ್ತಿನ ಶುಕ್ರವಾರ

8 ಅಕ್ಟೋಬರ್ 2024, ಮಂಗಳವಾರ ಬೆಳಿಗ್ಗೆ. ಮಸ್ಕತ್

ಮಾಲಾ ಮತ್ತೆ ಹಾಲು ಕಕ್ಕಿದಳು. ಇಲ್ಲಿನ ಹಾಲು ಹಿಡಿಸಿಲ್ಲ. ಫ್ರಾಕ್ ಬದಲಿಸಿದೆ, ಬೆಡ್‌ಶೀಟ್ ನೆನೆಹಾಕಿದೆ. ಹರ್ಷವರ್ಧನನಿಗೆ ಒಗ್ಗರಣೆ ಅವಲಕ್ಕಿ. ಕಿಟಕಿ ತೆಗೆದರೆ ಬಿಸಿಗಾಳಿ, ಮುಚ್ಚಿದರೆ ಎ.ಸಿ.ಯ ಗೊರಗೊರ. ದಸರಾ ರಜೆ ಅಂತೆ. ಶಿಕಾರಿಪುರದಲ್ಲಿ ಶಾಲೆ ನಡೆಯುತ್ತಿದ್ದರೆ ಪಾಠದ ನಡುವೆಯಾದರೂ ಒಂದಿಷ್ಟು ಹೊತ್ತು ಕುರ್ಚಿಯಲ್ಲಿ ಕೂರುತ್ತಿದ್ದೆ.

ಭಾವ ಕತ್ತಲಿರುವಾಗಲೇ ಕೆಲಸಕ್ಕೆ ಹೋದರು. ಕಟ್ಟಡದ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್. ರಜೆಗೆ ಊರಿಗೆ ಹೋದ ಗೆಳೆಯನ ಮನೆ ಕೇಳಿ ನಮ್ಮನ್ನು ಇರಿಸಿದ್ದಾರೆ. ರೂಮಿನಲ್ಲಿ ನಾನು, ಮಕ್ಕಳು, ಭಾವನ ತಾಯಿ ಸುಂಕಲಮ್ಮತ್ತೆ. ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಅವರು.

ರಮಾ ಅಕ್ಕ ಹೋಗಿ ಒಂದೂವರೆ ವರ್ಷ. ಡೆಂಗ್ಯೂ. ಅಂದಿನಿಂದ ಮಕ್ಕಳು ನನ್ನ ಹತ್ತಿರ. ಮೂರರ ಮಾಲಾ ನನ್ನನ್ನು ಅಮ್ಮ ಅನ್ನುತ್ತಾಳೆ, ಐದರ ಹರ್ಷ ಚಿಕ್ಕಮ್ಮ ಅನ್ನುತ್ತಾನೆ. ಇಬ್ಬರನ್ನೂ ತಿದ್ದಿಲ್ಲ.

ಮಕ್ಕಳಿಗೆ ಅಪ್ಪನನ್ನು ತೋರಿಸಿಕೊಂಡು ಬರುವುದು — ಎಲ್ಲರ ಬಾಯಲ್ಲೂ ಅದೇ. ಹೊರಡುವ ದಿನ ಅವ್ವ ಮಾತ್ರ ನೇರವಾಗಿ ಹೇಳಿದಳು. "ನಿನ್ನ ಭಾವ ಯೋಗೇಶ ಒಳ್ಳೇನು. ಮದುವೆ ಆಗ್ತೀಯಾ ಅಂತ ಕೇಳಿದ್ರೆ ಹೂಂ ಅಂದ್ಬಿಡು. ಹುಡುಗ್ರಿಗೆ ಇನ್ಯಾರು ಅದಾರೆ?"

ಹೂಂ ಅನ್ನುವುದಕ್ಕೇ ಬಂದಿದ್ದೇನೆ. ಆಸೆ ಅಂತಲ್ಲ. ಬೇಡ ಎಂದು ವಾದಿಸುತ್ತ ಕೂರುವ ತ್ರಾಣ ಇಲ್ಲ...

9 ಅಕ್ಟೋಬರ್, ಸಂಜೆ

ಭಾವ ಬಂದು ಸೋಫಾದ ಮೇಲೆ ಕೂತರು. ಮಾಲಾ ನನ್ನ ಫೋನ್ ತಂದು ಕೈಗಿಟ್ಟಳು.

"ಅಪ್ಪಂಗೆ ಫೋನ್ ಹಚ್ಚು."

"ಇಲ್ಲೇ ಅದಾರಲ್ಲ, ನೋಡು."

ನೋಡಿದಳು. ಮತ್ತೆ ಫೋನನ್ನೇ ಚಾಚಿದಳು. ಭಾವ ಎದ್ದು ಸ್ನಾನಕ್ಕೆ ಹೋದರು. ಬಹಳ ಹೊತ್ತು ನೀರು ಸುರಿಯುತ್ತಲೇ ಇತ್ತು.

11 ಅಕ್ಟೋಬರ್, ಶುಕ್ರವಾರ ಸಂಜೆ

ಕಾಲನ್ನು ನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಭಾವನಿಗೆ ರಜೆ. ಊರು ತೋರಿಸುತ್ತೇನೆಂದು ಟ್ಯಾಕ್ಸಿಯಲ್ಲಿ ಕರೆದೊಯ್ದರು. ಮತ್ರಾಹ್ ಅಂತೆ, ಸಮುದ್ರದ ದಂಡೆ. ಶುಕ್ರವಾರದ ನಮಾಜು — ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅವರಿಗೇ ನೆನಪಿರಲಿಲ್ಲ. ಇಷ್ಟು ವರ್ಷದಲ್ಲಿ ಸುತ್ತಾಡಲು ಬಂದದ್ದೇ ಇಲ್ಲವಂತೆ. ಬಿಳಿ ಗೋಡೆಗಳ ಮೇಲೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಅತ್ತೆಗೆ ಹೊಸ ಚಪ್ಪಲಿ ಕಚ್ಚಿತು. ಹರ್ಷನಿಗೆ ಒಂದಕ್ಕೆ ಅವಸರ. ಟಾಯ್ಲೆಟ್ ಹುಡುಕುತ್ತ ಅಪ್ಪ ಮಗ ಓಡಿದರು. ತಿರುಗಿ ಬಂದಾಗ ಹರ್ಷನ ಚಡ್ಡಿ ಒದ್ದೆ. ಭಾವ ಅಪರಾಧಿಯ ಹಾಗೆ ನನ್ನ ಮುಖ ನೋಡಿದರು. ಬ್ಯಾಗಿನಿಂದ ಬೇರೆ ಚಡ್ಡಿ ತೆಗೆದುಕೊಟ್ಟೆ.

ಮಾಲಾ ಭಾವನ ಕೈಗೆ ಹೋಗಲೇ ಇಲ್ಲ. ನನ್ನ ಭುಜ ಬಿದ್ದುಹೋಗಿತ್ತು. ಅತ್ತೆ ಫೋಟೋ ತೆಗೆಸಿದರು, ನನ್ನನ್ನು ಭಾವನ ಪಕ್ಕಕ್ಕೆ ತಳ್ಳಿ. ತೆಗೆದ ಮಲಯಾಳಿ ಹುಡುಗಿ "ನೈಸ್ ಫ್ಯಾಮಿಲಿ" ಅಂದಳು. ಹೋಟೆಲಿನಲ್ಲಿ ಹರ್ಷ ಖಾರಾ ಮಂಡಕ್ಕಿ ಕೇಳಿದ. ಇಲ್ಲ ಎಂದದ್ದಕ್ಕೆ ಪರೋಟ ಮುಟ್ಟಲಿಲ್ಲ.

ಆಮೇಲೆ ಪಾರ್ಕು. ಜೋಕಾಲಿ ಆಡಿಸುತ್ತೇನೆಂದು ಅತ್ತೆ ಮಕ್ಕಳನ್ನು ಕರೆದುಕೊಂಡು ದೂರ ಹೋದರು. ಬೆಂಚಿನ ಮೇಲೆ ನಾವಿಬ್ಬರೇ.

"ಅವ್ವ ಯಾಕೆ ಎದ್ದು ಹೋದ್ಲು, ಗೊತ್ತಲ್ಲ ಮಿತ್ರಾ."

"ಗೊತ್ತು."

"ನಾನು ಕೇಳಲ್ಲ."

ಅವರೇ ಮುಂದುವರಿಸಿದರು. "ಕೇಳಿದ್ರೆ ನೀನು ಹೂಂ ಅಂತೀಯ, ಹುಡುಗ್ರ ಸಲುವಾಗಿ. ಆಮೇಲೆ ಜೀವನ ಪೂರ್ತಿ ಹಿಂಗೇ ಸುಸ್ತಾಗಿ ಕೂತಿರ್ತೀಯ. ರಮಾ ಇದ್ದಿದ್ರೆ ನನ್ನ ಬೈತಿದ್ಲು."

ಎದೆಯ ಮೇಲಿಂದ ಏನೋ ಇಳಿಯಿತು. ಇಳಿದು ಮುಗಿಯುವಷ್ಟರಲ್ಲಿ ಮುಂದಿನ ಮಾತು.

"ಮಕ್ಕಳನ್ನ ಇಲ್ಲಿಗೆ ಕರ್ಕಂಡು ಬರ್ತೀನಿ. ಏಪ್ರಿಲ್‌ಗೆ ಸ್ಕೂಲ್ ಶುರು. ಮನೆ ಮಾಡ್ತೀನಿ. ಅವ್ವ ಬಂದು ಇರ್ತಾಳೆ."

"ಮಾಲಾಗೆ ನಿಮ್ಮ ಪರಿಚಯಾನೇ ಇಲ್ಲ, ಭಾವ. ಎದುರಿಗೆ ಕೂತಿದ್ರೂ ಫೋನಲ್ಲಿ ಹುಡುಕ್ತಾಳೆ."

"ಅದಕ್ಕೇ," ಅಂದರು.

ಕೋಪ ಬಂತು. ಜ್ವರ, ಭೇದಿ, ನಿದ್ದೆಗೆಟ್ಟ ರಾತ್ರಿಗಳು ನನ್ನವು, ಈಗ... ಬಾಯಿಗೆ ಬಂತು, ಎದ್ದು ಜೋಕಾಲಿಯ ಕಡೆ ನಡೆದೆ.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಮಾಲಾ ನನಗೂ ಅವರಿಗೂ ನಡುವೆ ಕೂತು ನಿದ್ದೆ ಹೋದಳು. ತಲೆ ವಾಲಿದ್ದು ಅವರ ತೋಳಿನ ಮೇಲೆ. ದಾರಿ ಪೂರ್ತಿ ಆ ತೋಳು ಅಲ್ಲಾಡಲಿಲ್ಲ. ಇಳಿಯುವಾಗ ಜೋಮು ಹಿಡಿದು, ಬಾಗಿಲು ತೆಗೆಯಲು ಇನ್ನೊಂದು ಕೈ ಚಾಚಿದರು.

1 ಡಿಸೆಂಬರ್, ಭಾನುವಾರ. ಶಿಕಾರಿಪುರ

ಸೊರಬಕ್ಕೆ ಹೋಗಿ ಬಂದೆ. ಬಸ್ಸಿನಲ್ಲಿ ನಿಂತೇ ಹೋದದ್ದು.

ಅತ್ತೆ ಅಲ್ಲಿ ದೊಡ್ಡ ಮಗ ಚೌಡೇಶಣ್ಣನ ಮನೆಯಲ್ಲಿದ್ದಾರೆ. ಮಸ್ಕತ್ತಿಗೆ ಬರುವುದಿಲ್ಲ ಎಂದುಬಿಟ್ಟಿದ್ದಾರಂತೆ. ಭಾವ ಹೋದ ವಾರ ಫೋನಿನಲ್ಲಿ ಹೇಳಿದರು — ಅವ್ವ ಬರದಿದ್ದರೆ ಹಗಲೆಲ್ಲ ಮಕ್ಕಳನ್ನು ನೋಡಿಕೊಳ್ಳುವವರಿಲ್ಲ, ಅವರು ನಿನ್ನ ಹತ್ತಿರವೇ ಇರಲಿ. ಸೋತ ದನಿ. ನಾನು ಸುಮ್ಮನಿದ್ದರೆ ಸಾಕಿತ್ತು. ಒಂದು ವಾರ ಸುಮ್ಮನಿದ್ದೆ ಕೂಡ.

"ಆ ಬೆಂಕಿಯೊಳಗೆ ನಾ ಹೋಗಲ್ಲ," ಅಂದರು ಅತ್ತೆ. "ನೀನು ಹೂಂ ಅಂದಿದ್ರೆ ಇದೆಲ್ಲ ಯಾಕೆ ಬೇಕಿತ್ತು?"

"ಅವರು ಕೇಳ್ಲೇ ಇಲ್ಲ, ಅತ್ತೆ."

ಇದು ಅವರಿಗೆ ಗೊತ್ತಿರಲಿಲ್ಲ.

"ಮಕ್ಕಳಿಗೆ ಅಪ್ಪ ಬೇಕು," ಅಂದೆ. "ಈಗ ಹೋದ್ರೆ ಹೊಂದ್ಕೊತಾರೆ. ಇನ್ನೆರಡು ವರ್ಷ ಬಿಟ್ರೆ ಆಗಲ್ಲ. ನೀವು ಹೋಗ್ಬೇಕು."

"ನಿಂಗೆ ಹೊಟ್ಟೆ ಉರಿಯಲ್ವೇನೇ?"

"ಉರೀತದೆ."

ಅತ್ತೆ ಎದ್ದು ಒಳಗೆ ಹೋದರು. ಚಾ ತಂದು ಮುಂದಿಟ್ಟರು. ನಾನು ಕುಡಿದು ಮುಗಿಸಿದೆ. ಆಮೇಲೆ — "ಅಲ್ಲಿ ಎಲೆ ಅಡಿಕೆ ಸಿಗ್ತದಾ ಕೇಳು ಅವನ್ನ."

16 ಮಾರ್ಚ್ 2025, ಭಾನುವಾರ ಮಧ್ಯಾಹ್ನ

ಹೊರಟರು. ಭಾವ ಬಂದು ಒಂದು ವಾರ ಇಲ್ಲೇ ಇದ್ದರು. ಸ್ನಾನ, ಊಟ, ಮಲಗಿಸುವುದು — ನಾನು ದೂರ ಕೂತೆ, ಅವರೇ ಮಾಡಿದರು. ಮೊದಲೆರಡು ದಿನ ಮಾಲಾ ಅತ್ತು ರಂಪ ಮಾಡಿದಳು. ಮೂರನೆಯ ದಿನ ಅವರ ಕೈತುತ್ತು ತಿಂದಳು. ಅಡುಗೆಮನೆಗೆ ಹೋಗಿ ನಿಂತೆ.

ಬೆಳಿಗ್ಗೆ ಕಾರಿನಲ್ಲಿ ಅತ್ತೆ ಹಿಂದೆ, ಮಾಲಾ ಅವರ ಮಡಿಲಲ್ಲಿ. ಬಿಸ್ಕತ್ ಪ್ಯಾಕೆಟ್ ಬಿಚ್ಚುವುದರಲ್ಲಿ ಮುಳುಗಿದ್ದಳು. ಬೈ ಮಾಡು ಅಂದರೆ ಕೈ ಆಡಿಸಿದಳು, ತಲೆ ಎತ್ತದೆ. ನಾನೂ ಆಮೇಲೆ ಬರುತ್ತೇನೆಂದು ಯಾರೋ ಹೇಳಿರಬೇಕು. ನಾನು ಹೇಳಿರಲಿಲ್ಲ.

ಹರ್ಷ ಹತ್ತಿದವನು ಇಳಿದು ಬಂದ.

"ನಾವು ಹೋದ್ಮೇಲೆ ಏನ್ ಮಾಡ್ತೀಯ, ಚಿಕ್ಕಮ್ಮ?"

"ಒಂದು ವಾರ ನಿದ್ದೆ ಮಾಡ್ತೀನಿ."

ನಕ್ಕ. ಭಾವ ಏನೋ ಹೇಳಲು ಹೋದರು. ಬೇಗ ಹೊರಡಿ, ಬಿಸಿಲಾಗುತ್ತೆ ಅಂದೆ.

ಅವ್ವ ಪಕ್ಕದ ಮನೆಗೆ ಹೋಗಿದ್ದಾಳೆ, ನಾನು ಮಲಗಲಿ ಎಂದು. ಬಾಗಿಲು ಹಾಕಿ ಮಲಗಿದೆ. ಕಾಲ ಮೇಲೆ ಕಾಲು ಹಾಕುವವರಿಲ್ಲ, ನೀರು ಬೇಕು ಎಂದು ಎಬ್ಬಿಸುವವರಿಲ್ಲ. ಕಣ್ಣು ಮುಚ್ಚಿಕೊಂಡೇ ಇದ್ದೆ. ಎಷ್ಟು ಹೊತ್ತಾದರೂ...

ಎದ್ದು ಕೂತಿದ್ದೇನೆ. ಈ ಹೊತ್ತಿಗೆ ತುಮಕೂರು ದಾಟಿರಬೇಕು. ಮಾಲಾಗೆ ಕಾರಿನಲ್ಲಿ ವಾಂತಿ. ನಿಂಬೆಹಣ್ಣು ಕೊಟ್ಟು ಕಳಿಸಬೇಕಿತ್ತು, ಅದೊಂದು ಮರೆತೇಬಿಟ್ಟೆ —