ಕಟ್ ಹೇಳದ ಶಾಟ್

ಮಾರ್ಚ್ 3, ಸೋಮವಾರ

ಎಡಿಟಿಂಗ್ ರೂಮ್. ಎಸಿ ಕೆಟ್ಟಿದೆ. ಫ್ಯಾನ್ ಹಾಕಿದರೆ ಎಡಿಟರ್‌ಗೆ ಸೀನು, ಹಾಕದಿದ್ದರೆ ಇಬ್ಬರಿಗೂ ಬೆವರು. ಹಾಕಲಿಲ್ಲ.

ಮಧ್ಯಂತರದವರೆಗೆ ಒಂದು ಹದಕ್ಕೆ ಬಂದಿದೆ. ಸೂಟ್‌ಕೇಸ್ ತುಂಬುವ ದೃಶ್ಯ ಮಾತ್ರ ಇನ್ನೂ ಉದ್ದ. ಮುದುಕಿ ಬಟ್ಟೆ ಮಡಚಿ ಮುಗಿಸುವಷ್ಟರಲ್ಲಿ ಜನ ತಮ್ಮ ಮನೆಗೆ ಹೋಗಿ ತಮ್ಮ ಬಟ್ಟೆ ಮಡಚಿಟ್ಟು ವಾಪಸ್ ಬಂದಿರುತ್ತಾರೆ ಎಂದ ಎಡಿಟರ್. ನಕ್ಕೆ. ಕತ್ತರಿಸಲು ಬಿಡಲಿಲ್ಲ.

ನನ್ನ ಶಾಟ್‌ಗಳಿಗೆಲ್ಲ ಬಾಲ ಇರುತ್ತದೆ — ಇವನು ಇಟ್ಟ ಹೆಸರು. ದೃಶ್ಯ ಮುಗಿದರೂ ಕಟ್ ಹೇಳದೆ ಸುಮ್ಮನಿರುತ್ತೇನೆ, ಕ್ಯಾಮೆರಾ ಓಡುತ್ತಲೇ ಇರುತ್ತದೆ. ಮೊದಲ ಸಿನಿಮಾದಲ್ಲಿ ಅದು ಬರೀ ಅಂಜಿಕೆ. ಅಷ್ಟು ಗಂಡಸರ ಮುಂದೆ ಕೂಗಲು ಗಂಟಲು ಏಳುತ್ತಿರಲಿಲ್ಲ. ಆಮೇಲೆ ಪತ್ರಿಕೆಯವರು ಅದಕ್ಕೆ ಶೈಲಿ ಎಂದು ಹೆಸರಿಟ್ಟರು. ನಾನೂ ಬೇಡವೆನ್ನಲಿಲ್ಲ.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ಕೊನೆಯ ಶಾಟ್ ಕೈಗೆತ್ತಿಕೊಂಡೆವು. ಮನೆ ಮಾರಿಹೋಗಿದೆ. ಮುದುಕಿ ಮಂಚದ ತುದಿಯಲ್ಲಿ, ಪಕ್ಕದಲ್ಲಿ ಸೂಟ್‌ಕೇಸ್, ಮಗಳು ಬರುವುದನ್ನು ಕಾಯುತ್ತಿದ್ದಾಳೆ. ಮಾತಿಲ್ಲ. ಸ್ಕ್ರಿಪ್ಟ್‌ನಲ್ಲಿ ಬರೆದದ್ದು ಒಂದೇ ಪದ: ಕೂತಿದ್ದಾಳೆ.

ಮುದುಕಿ ಅಂದರೆ ನನ್ನ ಅತ್ತೆ, ಗಂಡನ ತಾಯಿ. ಗೊತ್ತುಮಾಡಿದ್ದ ನಟಿ ಶೂಟಿಂಗ್ ಶುರುವಾಗುವ ಹೊತ್ತಿಗೆ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡರು. ಅವತ್ತು ಅತ್ತೆ ನನಗೆ ಊಟದ ಡಬ್ಬಿ ತಂದಿದ್ದರು. ಲೈಟ್ ನೋಡಲು ಯಾರಾದರೂ ಬೇಕಿತ್ತು, ಮಂಚದ ಮೇಲೆ ಕೂರಿಸಿದೆವು. ಕ್ಯಾಮೆರಾಮನ್ ಕಣ್ಣು ತೆಗೆಯದೆ, ಇವರೇ ಇರಲಿ ಬಿಡಿ ಎಂದ. ಅತ್ತೆ ಕೇಳಿದ್ದು ಇಷ್ಟೇ — ಹಾಗಾದರೆ ಡಬ್ಬಿ ಯಾರು ತೊಳೀತಾರೆ.

ಆಮೇಲೆ ದಿನಾ ನನಗಿಂತ ಮೊದಲು ಸಿದ್ಧ. ಶೂಟಿಂಗಿಗೆ ಆಫೀಸು ಎನ್ನುತ್ತಿದ್ದರು. ನನ್ನ ಸಿನಿಮಾದಲ್ಲಿ ಯಾರೂ ಊಟವೇ ಮಾಡುವುದಿಲ್ಲವಂತೆ, ಅದಕ್ಕೇ ಎಲ್ಲರೂ ಗೋಡೆ ನೋಡಿಕೊಂಡು ಕೂತಿರುತ್ತಾರಂತೆ. ಇಡೀ ಯೂನಿಟ್ ಮುಂದೆ ಹೇಳಿದರು.

ಪರದೆ ಮೇಲೆ ಮೂರನೇ ಟೇಕ್. ಕೂತಿದ್ದಾರೆ. ಸೂಟ್‌ಕೇಸಿನ ಹಿಡಿ ಮುಟ್ಟಿ ನೋಡುತ್ತಾರೆ. ನಾನು ಕಟ್ ಹೇಳಿಲ್ಲ. ಎಡಿಟರ್ ಬಾಲ ಕತ್ತರಿಸಲು ಹೋದವನು ಕೈ ಹಿಂದೆ ತೆಗೆದ. ಅತ್ತೆ ಬಾಗಿಲ ಕಡೆ ತಿರುಗಿ ಏನೋ ಅನ್ನುತ್ತಾರೆ. ಅವತ್ತು ನನಗೆ ಕೇಳಿರಲಿಲ್ಲ. ನಾನು ಇದ್ದದ್ದು ಪಕ್ಕದ ಕೋಣೆಯ ಮಾನಿಟರ್ ಮುಂದೆ, ಹೊರಗೆ ಜನರೇಟರ್. ತುಟಿ ಅಲ್ಲಾಡಿದ್ದು ಕಂಡು ಬಾಯಿ ಒಣಗಿರಬೇಕು ಅಂದುಕೊಂಡಿದ್ದೆ. ಎಡಿಟರ್ ವಾಲ್ಯೂಮ್ ಏರಿಸಿದ.

"ಗುಂಡ, ಸಾಕು. ಬಂದು ಕರ್ಕೊಂಡು ಹೋಗೋ."

ಕಥೆಯ ಮುದುಕಿಗೆ ಮಗನಿಲ್ಲ. ಗುಂಡ ನನ್ನ ಗಂಡ.

ಮಾರ್ಚ್ 6, ಗುರುವಾರ

ಬಿದಿರುಕೋಲಿನಂಥ ಮನುಷ್ಯನಿಗೆ ಮನೆಯಲ್ಲಿ ಗುಂಡ ಎಂಬ ಹೆಸರು. ಹುಟ್ಟಿದಾಗ ಗುಂಡಗಿದ್ದರಂತೆ. ಐದು ವರ್ಷದ ಹಿಂದೆ ಬೇರೆ ಊರಲ್ಲಿ ಕೆಲಸ ಹಿಡಿದು ಹೋದರು. ಜಗಳ ಆಗಲಿಲ್ಲ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದರು, ಆಮೇಲೆ ಅದೂ ನಿಂತಿತು. ಬಿಟ್ಟರು ಅನ್ನಲು ನನ್ನ ಹತ್ತಿರ ತಾರೀಖಿಲ್ಲ. ಕೇಳಿದವರಿಗೆ 'ಅವರು ಅಲ್ಲಿದ್ದಾರೆ' ಎನ್ನುತ್ತೇನೆ. ಸುಳ್ಳಲ್ಲ.

ಅವರು ಹೋದರು, ಅವರ ತಾಯಿ ಉಳಿದರು. ಈ ವಯಸ್ಸಲ್ಲಿ ಗಂಟುಮೂಟೆ ಕಟ್ಟೋಕಾಗಲ್ಲ ಅಂದಿದ್ದರು. ಅದೊಂದೇ ಕಾರಣವೋ ಏನೋ, ನಾನು ಕೇಳಲಿಲ್ಲ. ಇರಿ ಎಂದೂ ಹೇಳಲಿಲ್ಲ. ಇದ್ದರು.

ಒಮ್ಮೆ ಸಂದರ್ಶನಕ್ಕೆ ಬಂದಿದ್ದ ಹುಡುಗಿ, ಮನೆ ಸಿನಿಮಾ ಎರಡನ್ನೂ ಹೇಗೆ ನಿಭಾಯಿಸ್ತೀರಿ ಎಂದು ಕೇಳಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಬಂತು — ಎರಡನ್ನೂ ಯಾಕೆ ನಿಭಾಯಿಸ್ಬೇಕು, ಮನೆಗೆ ನಾನಿದ್ದೀನಲ್ಲ. ಹುಡುಗಿ ಅದನ್ನೇ ತಲೆಬರಹ ಮಾಡಿದಳು. ಅತ್ತೆ ಆ ಪುಟವನ್ನು ಕಪಾಟಿನ ಹಲಗೆಗೆ ಹಾಸಿದ್ದಾರೆ. ಅಕ್ಷರ ಮೇಲೆ ಕಾಣುವಂತೆ.

ಅವರೇ 'ಸಾಕು' ಅಂದದ್ದು?

ಮಾರ್ಚ್ 9, ಭಾನುವಾರ. ಬೆಳಿಗ್ಗೆ

ಎಡಿಟರ್ ಪ್ರಕಾರ ಅದು ನಟನೆ. ಅಜ್ಜಿ ಕಿಲಾಡಿ ಮೇಡಂ, ಕ್ಯಾಮೆರಾ ನಿಂತಿಲ್ಲ ಅಂತ ಗೊತ್ತಾಗಿದೆ, ಹೊಂದಿಸ್ಕೊಂಡು ಒಂದು ಮಾತು ಬಿಟ್ಟಿದಾರೆ. ಇರಬಹುದು. ಅಥವಾ ಬೆಳಗಿನಿಂದ ಸೂಟ್‌ಕೇಸ್ ಪಕ್ಕ ಕೂತು ಕೂತು ಮೈಮರೆತರೋ. ಅಥವಾ ನಿಜವಾಗಿ ಕರೆದರೋ.

ನನ್ನ ಕೆಲಸವೇ ಇದು. ಸುಳ್ಳು ಅಳು ಯಾವುದು, ನಿಜವಾದದ್ದು ಯಾವುದು ಎಂದು ಮಾನಿಟರ್ ನೋಡಿ ಹೇಳುವುದು. ಎಷ್ಟೋ ನಟರಿಂದ ಹತ್ತು ಸಲ ಮಾಡಿಸಿ ಹನ್ನೊಂದನೆಯದಕ್ಕೆ ತಲೆಯಾಡಿಸಿದ್ದೇನೆ. ಒಂದೇ ಸೂರಿನಡಿ ಇರುವವರ ಮುಖದಲ್ಲಿ ಗೊತ್ತಾಗುತ್ತಿಲ್ಲ. ಎಡಿಟರ್ ಇಲ್ಲದಾಗ ಹಾಕಿಕೊಂಡು ಹಾಕಿಕೊಂಡು ನೋಡಿದೆ. ನೋಡಿದಷ್ಟೂ ಬರೀ ಮೂಗು, ತುಟಿ, ಬಿಳಿ ಕೂದಲು.

ಈಗ ಮಗನ ಫೋನ್ ಬಂದಿದೆ. ಅತ್ತೆ ಬಾಲ್ಕನಿಯಲ್ಲಿ ಮಾತಾಡುತ್ತಿದ್ದಾರೆ. ನಾನು ಒಳಗೆ ಪುಸ್ತಕ ಹಿಡಿದು ಕೂತಿದ್ದೇನೆ — ಅನುವಾದಗೊಂಡ ದಪ್ಪ ಕಾದಂಬರಿ, ಅದರಲ್ಲಿ ಎಲ್ಲರೂ ತಮ್ಮ ಮನಸ್ಸನ್ನು ಪುಟಗಟ್ಟಲೆ ಬಿಚ್ಚಿಡುತ್ತಾರೆ. ಬಾಲ್ಕನಿಯಲ್ಲಿ ಸೋರುವ ನಲ್ಲಿಯ ವಿಷಯ ನಡೆದಿದೆ. ವಾಷರ್ ಹಾಕಿಸಿದ್ದು, ಮತ್ತೆ ಸೋರಿದ್ದು, ನಲ್ಲಿಯವನ ಪೊಗರು. ಕರ್ಕೊಂಡು ಹೋಗು ಎನ್ನುವ ಧ್ವನಿ ಅಲ್ಲ. ಹಾಗೆ ಅನ್ನುವವರು ನಲ್ಲಿಯ ವಿಷಯ ಎತ್ತುವುದಿಲ್ಲವೇ? ಗೊತ್ತಿಲ್ಲ.

ಮಾರ್ಚ್ 14, ಶುಕ್ರವಾರ

ಆ ಮಾತು ತೆಗೆದು ನೋಡಿದೆವು. ಮುದುಕಿ ಕೂತಿದ್ದಾಳೆ, ಕಪ್ಪು ಪರದೆ, ಮುಗಿಯಿತು. ಉಪ್ಪಿಲ್ಲದ ಊಟ. ಮತ್ತೆ ಹಾಕಿದೆವು. ಸಿನಿಮಾ ಎದ್ದು ಕೂತಿತು. ಕಥೆಯಲ್ಲಿ ಇಲ್ಲದ ಮಗ ಒಬ್ಬ ಇದ್ದಕ್ಕಿದ್ದಂತೆ ಎಲ್ಲೋ ಹುಟ್ಟಿದ, ಬರಲಿಲ್ಲ.

ನಿರ್ಮಾಪಕರು ಬಂದಿದ್ದರು. ಫೋನ್ ನೋಡುತ್ತ ಸಿನಿಮಾ ನೋಡುವವರು. ಆ ಶಾಟ್‌ಗೆ ಫೋನ್ ಕವುಚಿಟ್ಟರು. ಇದನ್ನು ಮುಟ್ಟಿದರೆ ನಿಮಗೂ ನನಗೂ ಸರಿಹೋಗಲ್ಲ ಎಂದರು. ನನ್ನ ಸಿನಿಮಾ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು, ಅದೂ ಬೆದರಿಕೆಯ ರೂಪದಲ್ಲಿ.

ಅತ್ತೆಯನ್ನು ಕೇಳಿದರೆ ಆಯಿತು. ಕೇಳಿದರೆ 'ಹೌದು, ಹೋಗ್ಬೇಕು' ಅಂದುಬಿಟ್ಟರೆ? ಕೇಳದೆ ಮಾತನ್ನು ಹಾಗೇ ಇಟ್ಟರೆ, ಥಿಯೇಟರಲ್ಲಿ ಇಷ್ಟಗಲ ಮುಖ, ಊರಿಗೆಲ್ಲ ಕೇಳುವ ಧ್ವನಿ — ಅದೂ ಆಗದು.

ಮಾರ್ಚ್ 28, ಶುಕ್ರವಾರ

ಎರಡು ವಾರ ಏನೂ ಬರೆದಿಲ್ಲ. ಏನೂ ಕೇಳಿಲ್ಲ.

ಸೌಂಡ್ ಎಂಜಿನಿಯರ್ ಕೈಚೆಲ್ಲಿದ. ಜನರೇಟರ್ ಗದ್ದಲ ಕೆಳಗೆ ಕೂತುಬಿಟ್ಟಿದೆ, ತೊಳೆದರೆ ಮಾತೂ ಹೋಗುತ್ತದೆ. ಅಜ್ಜಿ ಹೇಗೂ ಉಳಿದ ಮಾತುಗಳಿಗೆ ಡಬ್ಬಿಂಗಿಗೆ ಬರ್ತಾರಲ್ಲ ಮೇಡಂ, ಅದನ್ನೂ ಹೇಳಿಸಿಬಿಡೋಣ ಎಂದ, ಅಂಗಡಿಯಿಂದ ಸೋಪು ತರಿಸುವಷ್ಟು ಸಲೀಸಾಗಿ.

ಅಂದರೆ ಕತ್ತಲೆ ಕೋಣೆಯಲ್ಲಿ ಅತ್ತೆ ತಮ್ಮ ಮುಖ ನೋಡುತ್ತ, ತಮ್ಮ ತುಟಿಗೆ ಸರಿಯಾಗಿ ಮತ್ತೊಮ್ಮೆ ಹೇಳಬೇಕು. ಗಾಜಿನ ಈಚೆ ನಾನು. ಸರಿಬರದಿದ್ದರೆ ಇನ್ನೊಮ್ಮೆ ಅತ್ತೆ, ಸ್ವಲ್ಪ ಭಾವ ಕಡಿಮೆ — ಅನ್ನಬೇಕು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಸುತ್ತಿ ಬಳಸಿ ಕೇಳಿದೆ, ಕೆಲವು ದಿನ ಮಗನ ಹತ್ತಿರ ಹೋಗಿ ಬರ್ತೀರಾ ಅಂತ. ತಟ್ಟೆಯಿಂದ ತಲೆ ಎತ್ತಲಿಲ್ಲ. "ಯಾಕೆ, ಸಿನಿಮಾ ಮುಗೀತಲ್ಲ, ನನ್ನ ಕೆಲಸಾನೂ ಮುಗೀತಾ?" ಎಂದರು. ತಮಾಷೆಯೇ ಇರಬೇಕು. ನಕ್ಕೆ. ಅವರು ನಗಲಿಲ್ಲ, ನೀರು ಕುಡಿದರು.

ಏಪ್ರಿಲ್ 4, ಶುಕ್ರವಾರ. ಸಂಜೆ

ಡಬ್ಬಿಂಗ್. ಕೊನೆಯ ಶಾಟ್ ಪಟ್ಟಿಯಿಂದ ತೆಗೆಸಿದ್ದೆ. ಆಮೇಲೆ ನೋಡೋಣ ಎಂದಿದ್ದೆ. ಎಂಜಿನಿಯರ್ ನನ್ನ ಮುಖ ನೋಡಿ ಪಟ್ಟಿ ಮಡಚಿಟ್ಟ.

ಅತ್ತೆ ಚೆನ್ನಾಗಿ ಮಾಡಿದರು. ಹೆಡ್‌ಫೋನ್ ಕಿವಿಗೆ ದೊಡ್ಡದು, ಒಂದು ಕೈಯಲ್ಲಿ ಹಿಡಿದುಕೊಂಡೇ ಮಾಡಿದರು. ತಪ್ಪಿದಾಗ ಪರದೆ ಮೇಲಿನ ತಮ್ಮನ್ನೇ ಬೈದರು — ನಿಧಾನಕ್ಕೆ ಮಾತಾಡೋಕೇನೇ ನಿಂಗೆ. ಎಂಜಿನಿಯರ್ ನಕ್ಕು ನಕ್ಕು ಎರಡು ಟೇಕ್ ಹಾಳುಮಾಡಿದ.

ಮುಗಿಯಿತು ಎಂದಾಗ ಅತ್ತೆ ಏಳಲಿಲ್ಲ.

"ಕೊನೇದು ತೋರಿಸ್ಲಿಲ್ಲ."

ಅದರಲ್ಲಿ ಮಾತಿಲ್ಲ ಅತ್ತೆ ಎಂದೆ. ಮೈಕಿನಲ್ಲಿ ನನ್ನ ಧ್ವನಿ ನನಗೇ ಬೇರೆ ಯಾರದೋ ಅನಿಸಿತು.

"ನೀನು ಬರೆದಿದ್ದು ಇಲ್ಲ. ನಾನು ಹೇಳಿದ್ದು ಇದೆಯಲ್ಲ."

ಎಂಜಿನಿಯರ್ ನನ್ನ ಕಡೆ ನೋಡಿದ. ಹಾಕು ಎಂದು ಕೈಮಾಡಿದೆ. ಧ್ವನಿ ಇಲ್ಲದೆ ಚಿತ್ರ ಮಾತ್ರ ಓಡಿತು. ಮಂಚ, ಸೂಟ್‌ಕೇಸ್, ಬಾಗಿಲ ಕಡೆ ತಿರುಗುವ ಮುಖ, ತುಟಿ. ಅತ್ತೆ ಪೂರ್ತಿ ನೋಡಿದರು. ಮತ್ತೊಮ್ಮೆ ಹಾಕಿಸಿದರು. ಬಾಯಿ ತೆರೆದರು. ಏನೂ ಬರಲಿಲ್ಲ. ಹೆಡ್‌ಫೋನ್ ಕಳಚಿ ಮಡಿಲಲ್ಲಿಟ್ಟುಕೊಂಡು, ಇವತ್ತು ಗಂಟಲು ಕಟ್ಟಿದೆ, ಸೋಮವಾರ ಹೇಳ್ತೀನಿ ಎಂದರು.

ಬಸ್ಸಿನಲ್ಲಿ ಅತ್ತೆ ಎಂಜಿನಿಯರನ ಬೂಟಿನ ಬಣ್ಣದ ಬಗ್ಗೆ ಮಾತಾಡಿದರು. ಮನೆ ಗೇಟಿನ ಹತ್ತಿರ ನಿಂತರು.

"ಅವತ್ತು ಯಾಕೆ ಕಟ್ ಅನ್ಲಿಲ್ಲ ನೀನು?"

"ನಾನು ಯಾವತ್ತೂ ಬೇಗ ಅನ್ನಲ್ಲ ಅತ್ತೆ."

"ಹೂಂ. ಎಲ್ಲದಕ್ಕೂ ಹಾಗೇ."

ಮೆಟ್ಟಿಲು ಹತ್ತಿ ಹೋದರು. ನನ್ನ ಹತ್ತಿರ ಬೀಗದ ಕೈ ಇತ್ತು, ಮೇಲೆ ಬಾಗಿಲ ಮುಂದೆ ಕಾಯುತ್ತಿದ್ದರು. ನಾನು ಕೆಳಗೇ ಸ್ವಲ್ಪ ಹೊತ್ತು ನಿಂತಿದ್ದೆ.

ಏಪ್ರಿಲ್ 6, ಭಾನುವಾರ. ಮಧ್ಯಾಹ್ನ

ಎಲ್ಲದಕ್ಕೂ. ಗಂಡನ ವಿಷಯ ಇರಬಹುದು. ಅವರನ್ನು ಬನ್ನಿ ಎಂದೂ ಕರೆಯಲಿಲ್ಲ, ಬೇಡ ಎಂದೂ ಕಳಿಸಲಿಲ್ಲ. ಅಥವಾ ತಮ್ಮ ವಿಷಯವೇ. ಐದು ವರ್ಷ ನನ್ನ ಮನೆಯಲ್ಲಿ, ಯಾರೂ ಇರಿ ಎನ್ನದ ಜಾಗದಲ್ಲಿ ಇದ್ದರು. ಅಥವಾ ಬರೀ ಸಿಡುಕು, ಬಸ್ಸಿನಲ್ಲಿ ಸೀಟು ಸಿಗದಿದ್ದಕ್ಕೆ.

ಇವತ್ತು ಮಗನ ಫೋನ್ ಬಂದಾಗ ಬಾಲ್ಕನಿಗೆ ಹೋಗಲಿಲ್ಲ. ನನ್ನ ಎದುರೇ ಕೂತು ಮಾತಾಡಿದರು. ನಲ್ಲಿ ಈಗ ಸರಿಯಾಗಿದೆ ಎಂದರು. ಅಷ್ಟೇ.

ಏಪ್ರಿಲ್ 7, ಸೋಮವಾರ. ಬೆಳಿಗ್ಗೆ

ಒಳಗೆ ಸಿದ್ಧವಾಗುತ್ತಿದ್ದಾರೆ. ಬಿಸಿನೀರಿನ ಬಾಟಲಿ ಹುಡುಕುತ್ತಿದ್ದಾರೆ, ಗಂಟಲಿಗೆ. ನನಗೇ ಕೇಳಲಿ ಎಂದು ಜೋರಾಗಿ ಗೊಣಗುತ್ತಿದ್ದಾರೆ. ಬಾಟಲಿ ನನ್ನ ಬ್ಯಾಗಿನಲ್ಲಿದೆ.

ಆ ಮಾತು ಕಥೆಯ ಮುದುಕಿಯದೋ ಅವರದೋ ಎಂದು ಕೇಳುವುದಿಲ್ಲ. ಅವರಿಗೂ ಗೊತ್ತಿಲ್ಲದಿರಬಹುದು. ಸಿನಿಮಾದಲ್ಲಿ ಇರಬೇಕೋ ಬೇಡವೋ, ಅವರಿಗೆ ಬಿಟ್ಟಿದ್ದು; ನಿರ್ಮಾಪಕರು ಏನಾದರೂ ಅಂದುಕೊಳ್ಳಲಿ. ಆದರೆ ಸ್ಟುಡಿಯೋಗೆ ಹೊರಡುವ ಮೊದಲು, ಮನೆಯಲ್ಲೇ, ನನ್ನ ಮಾತು ಹೇಳುತ್ತೇನೆ. ಇಲ್ಲೇ ಇರಿ ಎಂದು. ಗಂಟುಮೂಟೆಗಾಗಿ ಅಲ್ಲ, ಅಡುಗೆಮನೆಗಾಗಿ ಅಲ್ಲ, ನನಗೆ ಬೇಕು ಎಂದು. ಹೋಗಲೇಬೇಕು ಎಂದರೆ ಗುಂಡ ಬರುವುದನ್ನು ಕಾಯುವುದು ಬೇಡ, ನಾನೇ ಕರೆದುಕೊಂಡು ಹೋಗಿ ಬಿಟ್ಟು, ಅಲ್ಲಿ ಗಂಡನ ಹತ್ತಿರವೂ ಆಡಬೇಕಾದ ಮಾತು ಆಡಿ ಬರುತ್ತೇನೆ.

ಹೇಗೆ ಹೇಳಬೇಕೆಂದು ಬರೆದುಕೊಳ್ಳಲು ಹೊರಟೆ. ಬರೆದರೆ ಡೈಲಾಗ್ ಆಗಿಬಿಡುತ್ತದೆ. ಮೊದಲ ಪದ ಮಾತ್ರ ಗೊತ್ತು.

ಬಾಗಿಲಿಗೆ ಬಂದರು. "ಅತ್ತೆ —"