ಕೋಟಿನ ಬಿಲ್ಲೆ

ಬುರುಲ್,

ಊರಲ್ಲಿ ಆಲೂಗಡ್ಡೆ ಅಗೆಯುವುದು ಶುರುವಾಗಿದೆ. ಮಣ್ಣು ಹೆಪ್ಪುಗಟ್ಟುವ ಮೊದಲು ಮುಗಿಯಬೇಕು. ನಾನು ಬೆಳಗಿನ ವ್ಯಾನಿಗೆ ಹೊರಟೆ, ಬರುವುದು ಹತ್ತು ದಿನವಾಗಬಹುದು. "ನಾನೂ ಬರ್ತೀನಕ್ಕ, ಓದು ಸಾಕು" ಅಂದೆಯಲ್ಲ, ಅದಕ್ಕೇ ನಿನ್ನನ್ನು ಎಬ್ಬಿಸಲಿಲ್ಲ. ಸಿಟ್ಟು ಮಾಡಿಕೋ, ಪರವಾಗಿಲ್ಲ.

ಒಲೆಯ ಮೇಲೆ ಸಾರಿದೆ. ಬಿಸಿ ಮಾಡಿಕೊಂಡೇ ಕುಡಿ.

ನೀಲಿ ಬಟ್ಟಲು ಪಕ್ಕದ ಮನೆಯ ಕಲ್ಬುಬು ಅಕ್ಕನದು. ಎರಡು ವಾರದಿಂದ ನಮ್ಮಲ್ಲೇ ಉಳಿದಿದೆ. ಖಾಲಿ ಕೊಡಬಾರದೆಂದು ಒಣ ಜರ್ದಾಳು ತುಂಬಿಟ್ಟಿದ್ದೇನೆ. ಇವತ್ತೇ ಕೊಡು.

ನಿನ್ನ ವಿಶ್ವವಿದ್ಯಾಲಯದ ಬಾಗಿಲಲ್ಲಿ ಎಲ್ಲರ ಕೋಟು ತೆಗೆದಿಟ್ಟುಕೊಂಡು ನಂಬರಿನ ಬಿಲ್ಲೆ ಕೊಡುವವರು ಅವರೇ ತಾನೆ? ನಿನ್ನೆ ಮೆಟ್ಟಿಲಲ್ಲಿ ಸಿಕ್ಕಿ, "ಏನಮ್ಮ ಜಿಪರ್, ನಿನ್ ತಂಗಿ ಕೋಟು ನಾಲ್ಕು ದಿನದಿಂದ ಬಂದಿಲ್ಲ. ಜ್ವರ ಕೋಟಿಗೋ, ಹುಡುಗಿಗೋ?" ಅಂದರು. ಗೇಟಿನ ಬಳಿ ಬೂದು ಕಾರಿನಲ್ಲಿ ನಿನಗಾಗಿ ಕಾಯುವವನ ವಿಷಯ ನಾನು ಹೇಳಲಿಲ್ಲ. ನೀನೇ ಹೇಳು. ಸಂಜೆ ಅವರ ಜೊತೆಗೇ ನಡೆದು ಬಾ. ಹುಡುಗಿಯರ ದೂರು ಕೇಳುವ ಮೇಡಂ ಹತ್ತಿರ ಅವರೇ ಕರೆದುಕೊಂಡು ಹೋಗುತ್ತಾರೆ. ನೀನು ಕಾರಿನ ನಂಬರು ಬರೆದಿಟ್ಟ ಕಾಗದ ಮರೆಯಬೇಡ.

ನಾನು ಎರಡನೇ ವರ್ಷದಲ್ಲಿ ಓದು ಬಿಟ್ಟದ್ದು ಅಮ್ಮನ ಕಾಯಿಲೆಗಲ್ಲ, ಬುರುಲ್. ಅದೇ ಗೇಟಿನಲ್ಲಿ ನನಗಾಗಿಯೂ ಒಬ್ಬ ಕಾಯುತ್ತಿದ್ದ. ಯಾರಿಗೂ ಹೇಳದೆ, ಕೋಟನ್ನೂ ಬಿಟ್ಟು, ಹಿಂಬಾಗಿಲಿನಿಂದ ಊರಿಗೆ ಓಡಿದೆ. ಆಗಲೂ ಆಲೂಗಡ್ಡೆ ಅಗೆಯುವ ಕಾಲವೇ. ಕೋಟಿನ ಬಿಲ್ಲೆ ಹನ್ನೊಂದು ವರ್ಷದಿಂದ ನನ್ನ ಹತ್ತಿರವೇ ಇದೆ.

ಬಟ್ಟಲಿನ ಪಕ್ಕ ಇಟ್ಟಿದ್ದೇನೆ. ಅದನ್ನೂ ಕಲ್ಬುಬು ಅಕ್ಕನಿಗೆ ಕೊಟ್ಟುಬಿಡು.